ಎರಡನೆಯ ಗುಳಿಗೆಗೆ ಅವಧಿ ಬೇಡವೆ?

ಒಂದು ವ್ಯಾಧಿಗಾಗಿ ಔಷಧವನ್ನು ಸೇವಿಸುತ್ತಿರುವವನಿಗೆ ಮತ್ತೊಂದು ಔಷಧವನ್ನು ಕೂಡಿಸಿಕೊಡುವುದು ವೈದ್ಯವೃತ್ತಿಯಲ್ಲಿ ನಿತ್ಯದ ಸಂಗತಿ. ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಏತಕ್ಕಾಗಿ ಕೂಡಿಸಲಾಯಿತು, ಎಷ್ಟು ದಿನಕ್ಕೆಂದು ಕೂಡಿಸಲಾಯಿತು, ಯಾವಾಗ ತೆಗೆಯತಕ್ಕದ್ದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಕೂಡಿಸುವುದು ಚಿಕಿತ್ಸೆಯಲ್ಲ. ಅದು ಉದಾಸೀನಕ್ಕೆ ಚಿಕಿತ್ಸೆಯ ವೇಷವನ್ನು ತೊಡಿಸಿದುದು ಮಾತ್ರ. ಮನಸ್ಸಿನ ಖಿನ್ನತೆಗಾಗಿ ಔಷಧ ಸೇವಿಸುತ್ತಿರುವವರಿಗೆ ಉದ್ವೇಗಶಮನದ ಗುಳಿಗೆಯನ್ನೂ ಜೊತೆಗೂಡಿಸಿ, ಅದನ್ನು ತಿಂಗಳುಗಟ್ಟಲೆ, ವರುಷಗಟ್ಟಲೆ ಹಾಗೆಯೇ ನಡೆಯಗೊಡುವ ರೂಢಿಯೊಂದು ಕನ್ನಡ ನಾಡಿನ ಪಟ್ಟಣಗಳಲ್ಲಿಯೂ ಕಸಬೆಗಳಲ್ಲಿಯೂ ಕಾಣಬರುತ್ತಿದೆ. ಈ ರೂಢಿಯ ಪಕ್ಷಪಾತಿಗಳು ಮುಂದಿಡುವ ವಾದಗಳು ಎಷ್ಟರಮಟ್ಟಿಗೆ ನಿಲ್ಲತಕ್ಕವೆಂಬುದನ್ನು ಒಂದೊಂದಾಗಿ ಪರಿಶೀಲಿಸುವುದು ಅವಶ್ಯವಾಗಿದೆ.

ವಿಷಯವು ವಿಶದವಾಗಬೇಕಾದರೆ ಈ ಎರಡು ಬಗೆಯ ಔಷಧಗಳ ಸ್ವಭಾವಭೇದವನ್ನು ಮೊದಲು ತಿಳಿಯಬೇಕು. ಖಿನ್ನತಾನಿವಾರಕಗಳ ಕಾಲವು ಸ್ವಿಟ್ಜರ್ಲೆಂಡಿನ ವೈದ್ಯ ರೋಲಾಂಡ್ ಕೂನ್ ಅವರು ೧೯೫೭ರಲ್ಲಿ ಇಮಿಪ್ರಮೀನ್ ಎಂಬ ಔಷಧದ ಗುಣವನ್ನು ಪ್ರಕಟಪಡಿಸಿದಂದಿನಿಂದ ಮೊದಲಾಯಿತೆನ್ನಬಹುದು. ಇಂದು ಹೆಚ್ಚು ಬಳಕೆಯಲ್ಲಿರುವ ಫ್ಲೂಆಕ್ಸೆಟೀನ್, ಸರ್ಟ್ರಲೀನ್, ಎಸಿಟಾಲೊಪ್ರಾಮ್ ಮೊದಲಾದುವು ಆಮೇಲೆ ಬಂದ ಸಂತತಿ. ಇವುಗಳ ಮುಖ್ಯ ಲಕ್ಷಣ ನಿಧಾನ. ಸೇವಿಸಿದ ದಿನವೇ ಫಲ ಕಾಣದು. ಎರಡು ವಾರ, ನಾಲ್ಕು ವಾರ, ಒಮ್ಮೊಮ್ಮೆ ಆರು ವಾರ ಕಾಯಬೇಕು. ಅಷ್ಟೇ ಅಲ್ಲ, ಮೊದಲ ಒಂದೆರಡು ವಾರಗಳಲ್ಲಿ ಕೆಲವರಿಗೆ ಚಡಪಡಿಕೆ, ಕಳವಳ, ನಿದ್ರಾಭಂಗಗಳು ಮೊದಲಿಗಿಂತ ಹೆಚ್ಚಾಗುವುದೂ ಉಂಟು. ಎರಡನೆಯವು ಬೆಂಜೊಡಯಾಜೆಪೀನ್ ಕುಲದ ಔಷಧಗಳು. ಹಾಫ್‌ಮನ್-ಲಾ ರೋಷ್ ಸಂಸ್ಥೆಯ ರಸಾಯನಜ್ಞ ಲಿಯೊ ಸ್ಟರ್ನ್‌ಬಾಕ್ ಅವರು ಕಂಡುಹಿಡಿದ ಕ್ಲೋರ್‌ಡಯಾಜೆಪಾಕ್ಸೈಡ್ ೧೯೬೦ರಲ್ಲಿ, ಡಯಾಜೆಪಾಮ್ ೧೯೬೩ರಲ್ಲಿ ಮಾರುಕಟ್ಟೆಗೆ ಬಂದುವು. ಆಲ್‌ಪ್ರಜೋಲಾಮ್, ಕ್ಲೋನಜೆಪಾಮ್, ಲೋರಜೆಪಾಮ್‌ಗಳೂ ಅದೇ ಕುಲದವು. ಇವುಗಳ ಲಕ್ಷಣ ಶೀಘ್ರತೆ. ನುಂಗಿದ ಗಂಟೆಯೊಳಗೆ ಎದೆ ಹಗುರವಾಗುವುದು, ರೆಪ್ಪೆ ಭಾರವಾಗುವುದು. ಒಂದು ನಿಧಾನವಾಗಿ ಬಂದು ಬಹುಕಾಲ ಇರತಕ್ಕ ಔಷಧ; ಇನ್ನೊಂದು ಬೇಗ ಬಂದು ಬೇಗ ಹೋಗತಕ್ಕ ಔಷಧ. ಈ ಭೇದವನ್ನು ಮರೆತುದರಿಂದಲೇ ಎಲ್ಲ ಅನರ್ಥವೂ ಹುಟ್ಟಿದೆ.

ಇನ್ನೂ ಒಂದು ಮಾತನ್ನು ಬಹುಮಂದಿ ಅರಿಯರು. ಖಿನ್ನತಾನಿವಾರಕವೆಂಬ ಹೆಸರು ಆ ಔಷಧದ ಅರ್ಧ ಗುಣವನ್ನು ಮಾತ್ರ ಹೇಳುತ್ತದೆ. ಸರ್ಟ್ರಲೀನ್, ಎಸಿಟಾಲೊಪ್ರಾಮ್ ಮುಂತಾದುವು ಉದ್ವೇಗವ್ಯಾಧಿಗಳಿಗೂ ವೈದ್ಯರು ಮೊದಲು ಆರಿಸಿಕೊಳ್ಳುವ ಔಷಧಗಳೇ ಆಗಿವೆ. ಆದುದರಿಂದ "ಖಿನ್ನತೆಗೊಂದು, ಉದ್ವೇಗಕ್ಕೊಂದು" ಎಂಬ ಲೆಕ್ಕವು ಮೇಲುನೋಟಕ್ಕೆ ನ್ಯಾಯವಾಗಿ ಕಂಡರೂ ಬುಡದಲ್ಲಿಯೇ ತಪ್ಪು. ಮೊದಲನೆಯ ಗುಳಿಗೆಯು ಎರಡೂ ಕೆಲಸವನ್ನು ಮಾಡಬಲ್ಲದು; ಅದಕ್ಕೆ ತಕ್ಕ ಪ್ರಮಾಣವನ್ನೂ ತಕ್ಕ ಕಾಲವನ್ನೂ ಕೊಟ್ಟಿದೆಯೇ ಎಂಬುದೇ ಪ್ರಶ್ನೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ತಾಲ್ಲೂಕಿನ ಶಾಲೆಯೊಂದರ ಉಪಾಧ್ಯಾಯಿನಿಯೊಬ್ಬಳು ಖಿನ್ನತೆಗಾಗಿ ದಿನಕ್ಕೆ ೧೦ ಮಿಲಿಗ್ರಾಂ ಎಸಿಟಾಲೊಪ್ರಾಮ್ ಸೇವಿಸುತ್ತಿದ್ದಾಳೆ. ಹತ್ತು ದಿನ ಕಳೆದಿದೆ. ದುಃಖವು ಇಳಿದಿಲ್ಲ, ಕಳವಳ ಏರಿದೆ. ತರಗತಿಯಲ್ಲಿ ನಿಂತರೆ ಕೈ ನಡುಗುತ್ತದೆ, ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ. ಆಕೆ ವೈದ್ಯರಲ್ಲಿಗೆ ಹೋಗುತ್ತಾಳೆ. ಎರಡು ನಿಮಿಷದ ಮಾತಿನ ಮೇಲೆ ಚೀಟಿಯಲ್ಲಿ ಕ್ಲೋನಜೆಪಾಮ್ ಸೇರುತ್ತದೆ. ಆ ರಾತ್ರಿ ನಿದ್ದೆ ಬರುತ್ತದೆ. ಅವಳ ಮಟ್ಟಿಗೆ ಅದು ವರವೇ ಸರಿ. ಆದರೆ ಚೀಟಿಯಲ್ಲಿ "ಎಷ್ಟು ದಿನ" ಎಂಬ ಅಂಕಣ ಬರಿದಾಗಿದೆ. ಒಂದು ವರುಷದ ಮೇಲೆ ಅದೇ ಚೀಟಿ ಮಡಿಕೆಮಡಿಕೆಯಲ್ಲಿ ಹರಿದು ಔಷಧದ ಅಂಗಡಿಯ ಮೇಜಿನ ಮೇಲೆ ಇನ್ನೂ ಬಿಚ್ಚುತ್ತಿರುತ್ತದೆ. ಒಂದು ರಾತ್ರಿ ಗುಳಿಗೆ ತಪ್ಪಿದರೆ ಮೈ ಬೆವರುತ್ತದೆ, ಎದೆ ಹಾರುತ್ತದೆ. ಅದನ್ನು ಆಕೆ ತನ್ನ ರೋಗವೆಂದೇ ಭಾವಿಸುತ್ತಾಳೆ. ಗುಳಿಗೆಯ ಫಲವೆಂದು ಹೇಳುವವರಿಲ್ಲ. ಇಲ್ಲಿ ತಪ್ಪಾದುದು ಮೊದಲ ರಾತ್ರಿಯ ಗುಳಿಗೆಯಲ್ಲ, ಬರಿದಾಗಿ ಬಿಟ್ಟ ಅಂಕಣ.

ಈಗ ರೂಢಿಯ ಪರವಾದ ವಾದಗಳು. ಮೊದಲನೆಯದು: ಎರಡನ್ನೂ ಕೂಡಿಸಿ ಕೊಟ್ಟರೆ ಗುಣ ಹೆಚ್ಚು ಎಂಬುದು. ಇದರಲ್ಲಿ ಸತ್ಯಾಂಶವಿದೆ, ಅದನ್ನು ಮರೆಮಾಚುವುದು ಧರ್ಮವಲ್ಲ. ಕಾಕ್ರೇನ್ ಸಂಸ್ಥೆಯು ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಖಿನ್ನತೆಯ ರೋಗಿಗಳ ಮೇಲೆ ನಡೆದ ಹತ್ತು ಪ್ರಯೋಗಗಳನ್ನು ತೂಗಿನೋಡಿದೆ. ಮೊದಲ ನಾಲ್ಕು ವಾರಗಳಲ್ಲಿ ಎರಡೂ ಔಷಧ ಪಡೆದವರು ಒಂದನ್ನೇ ಪಡೆದವರಿಗಿಂತ ಮೇಲಾಗಿದ್ದರು. ಔಷಧದ ಉಪದ್ರವಕ್ಕೆ ಬೇಸತ್ತು ಚಿಕಿತ್ಸೆ ಬಿಟ್ಟವರು ಅವರಲ್ಲಿ ಕಡಿಮೆ. ಆದರೆ ಐದನೆಯ ವಾರದಿಂದ ಮುಂದಕ್ಕೆ ಆ ಮೇಲುಗೈ ಕಾಣಲಿಲ್ಲ; ಏನಾದರೊಂದು ಉಪದ್ರವ ಕಂಡವರ ಸಂಖ್ಯೆ ಎರಡೂ ಪಡೆದವರಲ್ಲಿಯೇ ಹೆಚ್ಚು. ಭೀತಿವ್ಯಾಧಿಯಲ್ಲಿ ಸರ್ಟ್ರಲೀನ್ ಜೊತೆಗೆ ಕ್ಲೋನಜೆಪಾಮ್ ಕೂಡಿಸಿ ನೋಡಿದ, ೨೦೦೧ರಲ್ಲಿ ಪ್ರಕಟವಾದ ಪ್ರಯೋಗವೂ ಇದನ್ನೇ ಹೇಳಿತು: ಮೊದಲ ವಾರಗಳಲ್ಲಿ ಬೇಗ ಶಮನ, ಕೊನೆಯಲ್ಲಿ ಇಬ್ಬರೂ ಸಮ. ಹೀಗಿರಲು ಈ ಪ್ರಯೋಗಗಳನ್ನು ಪ್ರಮಾಣವಾಗಿ ಎತ್ತಿಹಿಡಿಯುವವರು ಅವುಗಳ ಪೂರ್ವಾರ್ಧವನ್ನು ಓದಿ ಉತ್ತರಾರ್ಧವನ್ನು ಮಡಿಸಿಟ್ಟಿದ್ದಾರೆನ್ನಬೇಕು. ಎರಡನೆಯ ಗುಳಿಗೆಯು ಅಂಬಿಗನಿದ್ದಂತೆ. ಮೊದಲ ವಾರಗಳ ಹೊಳೆಯನ್ನು ದಾಟಿಸುತ್ತಾನೆ. ಹೊಳೆ ದಾಟಿದ ಮೇಲೆ ಅಂಬಿಗನಿಗೆ ಕೂಲಿ ಕೊಟ್ಟು ಕಳುಹಿಸಬೇಕೇ ಹೊರತು, ಅವನನ್ನು ಮನೆಗೆ ಕರೆತಂದು ಯಜಮಾನನನ್ನಾಗಿ ಮಾಡಿಕೊಳ್ಳುವುದು ಯಾವ ವಿವೇಕ?

ಎರಡನೆಯ ವಾದ: ಪ್ರಮಾಣ ಅತ್ಯಲ್ಪ, ಅರ್ಧ ಮಿಲಿಗ್ರಾಂ ಮಾತ್ರ, ಅದರಿಂದ ಏನಾದೀತು? ಮಿಲಿಗ್ರಾಮಿನ ಅಲ್ಪತೆಯಿಂದ ಔಷಧದ ಬಲವನ್ನು ಅಳೆಯುವುದು ಚೇಳಿನ ಗಾತ್ರ ನೋಡಿ ವಿಷವನ್ನು ಅಳೆದಂತೆ. ಕ್ಲೋನಜೆಪಾಮಿನ ಅರ್ಧ ಮಿಲಿಗ್ರಾಂ ಡಯಾಜೆಪಾಮಿನ ಅರ್ಧ ಮಿಲಿಗ್ರಾಮಿಗೆ ಸಮವಲ್ಲ; ಅದಕ್ಕಿಂತ ಅನೇಕ ಪಾಲು ಬಲವುಳ್ಳದ್ದು. ಈ ಕುಲದ ಔಷಧಗಳನ್ನು ಎರಡರಿಂದ ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ಕೊಡಬಾರದೆಂದು ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ೧೯೮೮ರಲ್ಲಿಯೇ ಎಚ್ಚರಿಸಿತ್ತು. ಅಮೆರಿಕಾ ಸರ್ಕಾರದ ಆಹಾರ ಮತ್ತು ಔಷಧ ಆಡಳಿತವು ೨೦೨೦ರಲ್ಲಿ ಈ ಇಡೀ ಕುಲದ ಔಷಧಗಳ ವಿವರಪತ್ರದ ಮೇಲೆ ದುರ್ಬಳಕೆ, ಚಟ, ದೈಹಿಕ ಅವಲಂಬನ, ಬಿಡುವಾಗಿನ ಉಪದ್ರವಗಳ ವಿಷಯವಾಗಿ ಚೌಕಟ್ಟಿನೊಳಗಿನ ಎಚ್ಚರಿಕೆಯನ್ನು ಅಚ್ಚುಹಾಕಿಸಿತು. ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಸೇವಿಸಿದರೂ ಕೆಲವು ದಿನ ಅಥವಾ ವಾರಗಳಲ್ಲಿ ದೇಹವು ಅದಕ್ಕೆ ಒಗ್ಗಿಕೊಳ್ಳಬಹುದೆಂಬುದೇ ಅದರ ತಿರುಳು. ಮುದುಕರಲ್ಲಿ ಇದು ತೂಕಡಿಕೆ, ಮರೆವು, ಎಡವಿ ಬಿದ್ದು ತೊಡೆಮೂಳೆ ಮುರಿಯುವಿಕೆಗಳಿಗೆ ದಾರಿಯಾಗುತ್ತದೆ. ಮದ್ಯದೊಡನೆ ಅಥವಾ ಅಫೀಮಿನ ಜಾತಿಯ ನೋವುಶಾಮಕಗಳೊಡನೆ ಸೇರಿದರೆ ಉಸಿರಿಗೇ ಸಂಚಕಾರ. ಮೊದಲ ಗುಳಿಗೆಯ ಜಾತಿಯನ್ನೂ ನೋಡಬೇಕಾಗುತ್ತದೆ: ಫ್ಲೂವಾಕ್ಸಮೀನ್ ಸೇವಿಸುವವರ ರಕ್ತದಲ್ಲಿ ಆಲ್‌ಪ್ರಜೋಲಾಮಿನ ಅಂಶವು ಬಹಳ ಏರುತ್ತದೆ, ಫ್ಲೂಆಕ್ಸೆಟೀನ್ ಕೂಡ ಅದನ್ನು ಏರಿಸಬಲ್ಲದು. ಒಂದು ಚೀಟಿಯಲ್ಲಿ ಬರೆದ ಅರ್ಧ ಗುಳಿಗೆ ದೇಹದಲ್ಲಿ ಅರ್ಧವಾಗಿಯೇ ಉಳಿಯುವುದೆಂಬ ಭರವಸೆಯಿಲ್ಲ.

ಮೂರನೆಯ ವಾದವು ಅನುಕೂಲದ್ದು. ಭಾರತದ ಔಷಧ ವ್ಯಾಪಾರವು ಅದಕ್ಕೆ ಗುಳಿಗೆಯ ರೂಪವನ್ನೇ ಕೊಟ್ಟಿದೆ. ೧೦ ಮಿಲಿಗ್ರಾಂ ಎಸಿಟಾಲೊಪ್ರಾಮನ್ನೂ ಅರ್ಧ ಮಿಲಿಗ್ರಾಂ ಕ್ಲೋನಜೆಪಾಮನ್ನೂ ಒಂದೇ ಗುಳಿಗೆಯಲ್ಲಿ ಅಡಕಮಾಡಿ ಇಲ್ಲಿ ಹಲವು ಹೆಸರುಗಳಿಂದ ಮಾರಲಾಗುತ್ತಿದೆ. ಎರಡರ ಬದಲು ಒಂದನ್ನು ನುಂಗಿದರೆ ಸಾಕು, ರೋಗಿ ಮರೆಯುವುದಿಲ್ಲ, ಖರ್ಚೂ ಕಡಿಮೆ ಎನ್ನುತ್ತಾರೆ. ಎರಡು ಔಷಧಗಳ ಮಿಶ್ರಣವು ಹೊರದೇಶಗಳಿಗೆ ಅಪರಿಚಿತವೆಂದಲ್ಲ. ಅಮಿಟ್ರಿಪ್ಟಿಲೀನ್ ಮತ್ತು ಕ್ಲೋರ್‌ಡಯಾಜೆಪಾಕ್ಸೈಡ್‌ಗಳ ಮಿಶ್ರಣಕ್ಕೆ ಅಮೆರಿಕಾದಲ್ಲಿಯೂ ಅನುಮತಿ ದೊರೆತಿತ್ತು. ಆದರೆ ಅನುಮತಿಯು ಯುಕ್ತಿಯಾಗಲಾರದು. ಲೆಕ್ಕ ಹಾಕಿ ನೋಡಬೇಕು. ಎಸಿಟಾಲೊಪ್ರಾಮಿನಿಂದ ಗುಣ ಕಂಡ ಮೇಲೂ ರೋಗ ಮರುಕಳಿಸದಂತೆ ಕನಿಷ್ಠ ಆರು ತಿಂಗಳು ಅದನ್ನು ಮುಂದುವರಿಸಬೇಕೆಂಬುದು ವೈದ್ಯರ ಸಾಮಾನ್ಯ ನಿಯಮ. ಕ್ಲೋನಜೆಪಾಮನ್ನು ಕೆಲವು ವಾರಗಳಲ್ಲಿ ನಿಲ್ಲಿಸುವ ಏರ್ಪಾಡಿರಬೇಕೆಂಬುದೂ ನಿಯಮವೇ. ಒಂದೇ ಗುಳಿಗೆಯಲ್ಲಿ ಈ ಎರಡು ನಿಯಮಗಳನ್ನು ಪಾಲಿಸುವುದು ಹೇಗೆ? ಎಸಿಟಾಲೊಪ್ರಾಮನ್ನು ೨೦ ಮಿಲಿಗ್ರಾಮಿಗೆ ಏರಿಸಲೆಂದು ಎರಡು ಗುಳಿಗೆ ಕೊಟ್ಟರೆ, ಬೇಡವಾದ ಕ್ಲೋನಜೆಪಾಮೂ ಒಂದು ಮಿಲಿಗ್ರಾಮಿಗೆ ಏರುವುದು. ಕ್ಲೋನಜೆಪಾಮನ್ನು ಇಳಿಸಲೆಂದು ಗುಳಿಗೆಯನ್ನು ಅರ್ಧಮಾಡಿದರೆ, ಬೇಕಾದ ಎಸಿಟಾಲೊಪ್ರಾಮೂ ಅರ್ಧವಾಗುವುದು. ಆಮೆಯನ್ನೂ ಮೊಲವನ್ನೂ ಒಂದೇ ನೊಗಕ್ಕೆ ಕಟ್ಟಿ ಉಳಬಹುದೆಂದು ಹೇಳಿದರೆ ಯಾವ ರೈತನೂ ನಗದಿರಲಾರ. ಮೇಲಾಗಿ, ಎರಡನೆಯ ಔಷಧವೊಂದು ತನ್ನ ಹೊಟ್ಟೆಗೆ ಹೋಗುತ್ತಿದೆಯೆಂಬ ಅರಿವೇ ಈ ಗುಳಿಗೆಯಿಂದ ರೋಗಿಗೆ ತಪ್ಪಿಹೋಗುತ್ತದೆ. ಅನುಕೂಲವು ಯಾರದೆಂಬುದನ್ನು ವಾಚಕರೇ ನಿರ್ಣಯಿಸಬಹುದು.

ನಾಲ್ಕನೆಯ ವಾದವು ಹೆಚ್ಚು ಗೌರವಕ್ಕೆ ಅರ್ಹವಾದುದು. ಮನೋವೈದ್ಯರು ವಿರಳ, ರೋಗಿಗಳು ಅಸಂಖ್ಯ. ಒಬ್ಬೊಬ್ಬರಿಗೆ ಅರ್ಧ ಗಂಟೆ ಕೊಡಲು ಕಾಲವೆಲ್ಲಿದೆ ಎಂದು ಕೇಳುತ್ತಾರೆ. ಇದು ಸುಳ್ಳಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ನೂರಕ್ಕೆ ೧೦.೬ ಮಂದಿಗೆ ಒಂದಲ್ಲ ಒಂದು ಮಾನಸಿಕ ವ್ಯಾಧಿಯಿದೆಯೆಂದೂ, ವ್ಯಾಧಿಭೇದದಿಂದ ನೂರಕ್ಕೆ ೭೦ರಿಂದ ೯೨ ಮಂದಿಗೆ ಚಿಕಿತ್ಸೆ ದೊರೆಯುತ್ತಿಲ್ಲವೆಂದೂ ತಿಳಿಸಿತು. ಆದರೆ ಕಾಲದ ಅಭಾವವು ಅಂಕಣವನ್ನು ಬರಿದಾಗಿ ಬಿಡುವುದಕ್ಕೆ ಕಾರಣವಾಗಲಾರದು. "ಹದಿನಾಲ್ಕು ದಿನ, ಆಮೇಲೆ ಬಂದು ಕಾಣತಕ್ಕದ್ದು" ಎಂದು ಬರೆಯಲು ಎಷ್ಟು ಹೊತ್ತು ಬೇಕು? ತಜ್ಞರಿಲ್ಲದೆಡೆಯಲ್ಲಿ ಸಾಮಾನ್ಯ ವೈದ್ಯರನ್ನೇ ತರಬೇತುಮಾಡಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಕೊಂಡೊಯ್ಯಬಹುದೆಂಬುದನ್ನು ಇದೇ ನಿಮ್ಹಾನ್ಸ್ ಸಂಸ್ಥೆಯು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. ಆ ಮಾದರಿಯ ಮೇಲೆಯೇ ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ದೇಶಕ್ಕೆ ದಾರಿ ತೋರಿದ ನಾಡಿನಲ್ಲಿ ಅವಧಿಯಿಲ್ಲದ ಚೀಟಿಗಳು ಓಡಾಡುವುದು ಶೋಭೆಯಲ್ಲ.

ಔಷಧದ ಅಂಗಡಿಯವರ ಪಾತ್ರವನ್ನು ಹೇಳದೆ ಬಿಡಲಾಗದು. ಆಲ್‌ಪ್ರಜೋಲಾಮ್, ಡಯಾಜೆಪಾಮ್‌ಗಳು ೨೦೧೩ರಲ್ಲಿ ಪ್ರಕಟವಾದ ಎಚ್-೧ ಅನುಸೂಚಿಗೆ ಸೇರಿದವು. ಇವನ್ನು ಮಾರುವಾಗ ಚೀಟಿ ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಕೊಟ್ಟ ಪ್ರಮಾಣ ಇವನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರುಷ ಕಾದಿರಿಸಬೇಕೆಂಬುದು ವಿಧಿ. ಚೀಟಿಯಿಲ್ಲದೆ "ಹೋದ ಸಲದ್ದೇ ಒಂದು ಪಟ್ಟಿ ಕೊಡಿ" ಎಂದವರಿಗೆ ಕೊಡುವ ಅಂಗಡಿಯವನು ಉಪಕಾರಿಯಂತೆ ಕಾಣುತ್ತಾನೆ. ಅವನ ಉಪಕಾರದ ಸಾಲವನ್ನು ರೋಗಿಯ ದೇಹವು ಬಡ್ಡಿಸಹಿತ ತೀರಿಸುತ್ತದೆ.

ಇಷ್ಟನ್ನು ಕೇಳಿ ಹಿಗ್ಗುವ ಇನ್ನೊಂದು ಪಂಗಡವಿದೆ. ಮನಸ್ಸಿನ ರೋಗಕ್ಕೆ ಮದ್ದೇ ಬೇಡ, ಇವೆಲ್ಲ ವಿಷ, ಧೈರ್ಯ ತಂದುಕೊಂಡರೆ ಸಾಕು ಎಂದು ಮನೆಯ ಹಿರಿಯರೂ ನೆರೆಯವರೂ ಉಪದೇಶಿಸುತ್ತಾರೆ. ಈ ಲೇಖನವನ್ನು ಆ ಪಕ್ಷದ ಸಾಕ್ಷಿಯಾಗಿ ಕರೆಯುವುದು ಸರ್ವಥಾ ಸಲ್ಲದು. ಧೈರ್ಯಹೀನತೆಯಿಂದ ಖಿನ್ನತೆ ಬರುವುದಿಲ್ಲ. ಬೈಗುಳದಿಂದ ಅದು ಹೋಗುವುದೂ ಇಲ್ಲ. ಬಹುಕಾಲ ಸೇವಿಸಿದ ಬೆಂಜೊಡಯಾಜೆಪೀನನ್ನು ಒಂದೇ ದಿನ ಎಸೆದುಬಿಡುವುದು ಮೂಗಿಗೆ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ: ಉದ್ವೇಗ ಇಮ್ಮಡಿಸುವುದಲ್ಲದೆ ಸೆಳವು ಬಂದು ಪ್ರಾಣಾಪಾಯವೂ ಒದಗಬಹುದು. ನ್ಯೂಕ್ಯಾಸಲ್ ನಗರದಲ್ಲಿ ೧೯೮೨ರಿಂದ ೧೯೯೪ರ ವರೆಗೆ ಈ ಔಷಧ ಬಿಡಿಸುವ ಚಿಕಿತ್ಸಾಲಯವನ್ನು ನಡೆಸಿದ ಹೆದರ್ ಆಶ್ಟನ್ ಅವರು ಬೋಧಿಸಿದುದು ಒಂದೇ ತತ್ತ್ವ: ಮೆಲ್ಲಮೆಲ್ಲನೆ, ಮೆಟ್ಟಿಲು ಮೆಟ್ಟಿಲಾಗಿ, ರೋಗಿಯ ಸಹನೆಯನ್ನು ನೋಡಿಕೊಂಡು ಇಳಿಸಬೇಕು. ಖಿನ್ನತಾನಿವಾರಕವನ್ನೂ ತಟ್ಟನೆ ಬಿಡತಕ್ಕದ್ದಲ್ಲ. ಕೂಡಿಸುವುದರಲ್ಲಿ ವೈದ್ಯರು ಎಷ್ಟು ಅವಶ್ಯವೋ ತೆಗೆಯುವುದರಲ್ಲಿಯೂ ಅಷ್ಟೇ ಅವಶ್ಯ. ಅದರಲ್ಲೂ ಇಪ್ಪತ್ತೈದರೊಳಗಿನ ತರುಣರಲ್ಲಿ ಮೊದಲ ವಾರಗಳ ಚಡಪಡಿಕೆಯೊಡನೆ ಸಾಯುವ ಯೋಚನೆ ತಲೆದೋರಿದರೆ, ಅದು ಗುಳಿಗೆ ಕೂಡಿಸುವ ತರ್ಕಕ್ಕೆ ಕಾಯುವ ಹೊತ್ತಲ್ಲ. ಅಂದೇ ವೈದ್ಯರನ್ನು ಕಾಣಬೇಕು. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ೧೪೪೧೬ ಎಂಬ ದೂರವಾಣಿಯು ಹಗಲಿರುಳೂ ದೊರೆಯುತ್ತದೆ.

ಹಾಗಾದರೆ ಎರಡನೆಯ ಗುಳಿಗೆಯನ್ನು ಕೂಡಿಸಬೇಕೋ ಬೇಡವೋ ಎಂಬ ನಿರ್ಣಯಕ್ಕೆ ದಾರಿ ಯಾವುದು? ಮೊದಲು ಕೇಳತಕ್ಕದ್ದು: ಮೊದಲನೆಯ ಔಷಧವು ತಕ್ಕ ಪ್ರಮಾಣದಲ್ಲಿ ನಾಲ್ಕಾರು ವಾರ ನಡೆದಿದೆಯೇ? ಇಲ್ಲವಾದರೆ ಪ್ರಮಾಣವನ್ನು ಸರಿಪಡಿಸುವುದೋ ಕಾಯುವುದೋ ಮೊದಲ ಕರ್ತವ್ಯ. ಎರಡನೆಯದು: ಈ ಕಳವಳಕ್ಕೆ ಬೇರೆ ಕಾರಣವಿದೆಯೇ? ಗಂಟಲಿನ ಥೈರಾಯ್ಡ್ ಗ್ರಂಥಿಯ ಅತಿಸ್ರಾವವೂ ಎದೆಬಡಿತ, ನಡುಕಗಳನ್ನು ತರುತ್ತದೆ. ಹೊತ್ತು ಹೊತ್ತಿಗೆ ಲೋಟ ತುಂಬ ಕಾಫಿ ಹೀರುವ ನಾಡಿನಲ್ಲಿ ಕಾಫಿಯನ್ನು ವಿಚಾರಿಸದೆ ಉದ್ವೇಗಕ್ಕೆ ಗುಳಿಗೆ ಬರೆಯುವುದು ಒಲೆಯ ಉರಿಯನ್ನು ತಗ್ಗಿಸದೆ ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ. ಮೂರನೆಯದು: ಅವಲಂಬನದ ಭಯವಿಲ್ಲದ ಉಪಾಯಗಳನ್ನು ನೋಡಿದೆಯೇ? ಆಲೋಚನೆಯನ್ನೂ ನಡತೆಯನ್ನೂ ತಿದ್ದುವ ಮಾತಿನ ಚಿಕಿತ್ಸೆಯು ಉದ್ವೇಗದಲ್ಲಿ ಔಷಧಕ್ಕೆ ಸರಿಗಟ್ಟುತ್ತದೆ. ೧೯೮೬ರಲ್ಲಿ ಅಮೆರಿಕಾದಲ್ಲಿ ಅನುಮತಿ ಪಡೆದ ಬಸ್ಪಿರೋನ್ ನಿಧಾನವಾದರೂ ಚಟ ಹತ್ತಿಸದು. ಎದೆಬಡಿತವೇ ಮುಖ್ಯವಾದ ಬಾಧೆಯಾದರೆ ಪ್ರೊಪ್ರನಲಾಲನ್ನು ಕೆಲವರಿಗೆ ಕೊಡುವುದುಂಟು. ಉಬ್ಬಸದವರಿಗೆ ಅದು ಸಲ್ಲದು. ಈ ಮೂರಕ್ಕೂ ಉತ್ತರ ಹೇಳಿದ ಮೇಲೆಯೂ ಬಾಧೆ ಅಸಹ್ಯವಾಗಿದ್ದು, ರೋಗಿಯು ಮೊದಲ ಔಷಧವನ್ನೇ ಬಿಟ್ಟುಬಿಡುವಂತಿದ್ದರೆ, ಆಗ ಬೆಂಜೊಡಯಾಜೆಪೀನನ್ನು ಕೂಡಿಸುವುದು ತಪ್ಪಲ್ಲ, ದಯೆ. ಆ ದಯೆಗೆ ನಾಲ್ಕನೆಯ ಪ್ರಶ್ನೆಯೇ ಕಾವಲು: ಯಾವ ತಾರೀಖಿನಂದು ಇಳಿಸಲಾರಂಭಿಸತಕ್ಕದ್ದು? ಆ ತಾರೀಖು ಗುಳಿಗೆ ಮೊದಲಾಗುವ ದಿನವೇ ಚೀಟಿಯ ಮೇಲೆ ಬೀಳಬೇಕು.

ರೋಗಿಯು ಇಷ್ಟನ್ನು ಕೇಳುವುದು ವೈದ್ಯರಿಗೆ ಅಪಮಾನವೆಂದು ಬಗೆಯುವವರಿದ್ದಾರೆ. ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ ೨೨ನೆಯ ಪ್ರಕರಣವು ಬೇರೆ ರೀತಿ ಹೇಳುತ್ತದೆ. ತನ್ನ ವ್ಯಾಧಿಯ ಸ್ವರೂಪ, ಕೊಡಲುದ್ದೇಶಿಸಿದ ಚಿಕಿತ್ಸೆ, ಅದರ ತಿಳಿದ ದುಷ್ಪರಿಣಾಮಗಳು ಇವನ್ನು ತಿಳಿಯುವುದು ರೋಗಿಯ ಹಕ್ಕು. ಅದನ್ನೂ ಆತನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವುದು ಹಕ್ಕು. ಕನ್ನಡದ ರೋಗಿಗೆ ಅರ್ಥವಾಗುವ ಭಾಷೆ ಕನ್ನಡ. ಪಟ್ಟಿಯ ಹಿಂಬದಿಯಲ್ಲಿ ಇರುವೆ ಸಾಲಿನಂತೆ ಅಚ್ಚಾದ ಇಂಗ್ಲಿಷ್ ಅಕ್ಷರಗಳಿಂದ ಈ ಹಕ್ಕು ಸಂದಾಯವಾಗದು. "ಇದು ನಿದ್ದೆಗೆ", "ಇದು ಟೆನ್ಷನ್ನಿಗೆ" ಎಂಬ ಎರಡು ಮಾತುಗಳಿಂದಲೂ ಆಗದು. ಅವಲಂಬನವೆಂದರೇನು, ಮೆಲ್ಲನೆ ಇಳಿಸುವುದೆಂದರೇನು, ಕಾಯುವ ಆರು ವಾರಗಳಲ್ಲಿ ಏನು ಕಂಡರೆ ಹೆದರಬೇಕು, ಏನು ಕಂಡರೆ ಹೆದರಬೇಕಾಗಿಲ್ಲ ಎಂಬುದನ್ನು ಹಳ್ಳಿಯ ಹೆಂಗಸಿಗೂ ತಿಳಿಯುವ ಕನ್ನಡದಲ್ಲಿ ಒಂದು ಪುಟ ಬರೆಯುವುದು ಅಸಾಧ್ಯವಾದ ಕಾರ್ಯವೇ? ಕಾವ್ಯಮೀಮಾಂಸೆಗೆ ಪದಗಳನ್ನು ಹುಡುಕಿಕೊಡಬಲ್ಲ ಸಾಹಿತ್ಯಸಂಘಗಳು ಜಿಲ್ಲೆಯ ವೈದ್ಯರೊಡನೆ ಕೂಡಿ ಅಂಥ ಒಂದು ಪುಟವನ್ನು ಸಿದ್ಧಪಡಿಸಿದರೆ ಅದು ಭಾಷಾಸೇವೆಯೂ ಹೌದು, ಪ್ರಾಣಸೇವೆಯೂ ಹೌದು.

ಎರಡನೆಯ ಗುಳಿಗೆಗೆ ಮನೆಯ ಬಾಗಿಲನ್ನು ಮುಚ್ಚಬೇಕೆಂದು ಯಾರೂ ವಾದಿಸಬೇಕಾಗಿಲ್ಲ. ಬರುವಾಗ ಬಂದ ಕಾರಣವನ್ನು ಹೇಳಲಿ. ಹೋಗುವ ದಿನವನ್ನೂ ಹೇಳಲಿ. ಅವೆರಡನ್ನೂ ಹೇಳಲಾರದ ಅತಿಥಿಯನ್ನು ಒಳಕ್ಕೆ ಕರೆಯುವ ಮುನ್ನ ರೋಗಿಯೂ ವೈದ್ಯರೂ ಹೊಸ್ತಿಲ ಬಳಿ ಒಂದು ಗಳಿಗೆ ನಿಂತು ಯೋಚಿಸುವುದು ಲೇಸು.